ಪ್ರಾಣಿವರ್ತನೆ ಮತ್ತು ಉಪಕರಣ ವಿನ್ಯಾಸ: ನ್ಯೂಜಿಲೆಂಡ್‌ನ ಸಂಶೋಧನೆ

ಪ್ರಾಣಿಯೊಂದು ಹಸಿದಾಗ, ಬೆದರಿದಾಗ, ಹೊಸ ವಸ್ತುವನ್ನು ಕಂಡಾಗ ಅಥವಾ ತನ್ನ ಜಾತಿಯ ಇತರ ಪ್ರಾಣಿಗಳ ನಡುವೆ ಇರುವಾಗ ಏನು ಮಾಡುತ್ತದೆ, ಏಕೆ ಹಾಗೆ ಮಾಡುತ್ತದೆ ಎಂಬುದನ್ನು ಅಳತೆ ಮತ್ತು ಪ್ರಯೋಗಗಳ ಮೂಲಕ ತಿಳಿಯುವ ಶಾಸ್ತ್ರಕ್ಕೆ ಪ್ರಾಣಿವರ್ತನಾ ವಿಜ್ಞಾನವೆಂದು ಹೆಸರು. ಬೇಲಿ, ಬೋನು, ಕೊಟ್ಟಿಗೆ, ಕೊರಳಪಟ್ಟಿ, ಕ್ಯಾಮೆರಾ ಮೊದಲಾದ ಸಾಧನಗಳನ್ನು ರೂಪಿಸುವ ಅನ್ವಯಿಕ ಎಂಜಿನಿಯರಿಂಗ್‌ಗೂ ಈ ಶಾಸ್ತ್ರಕ್ಕೂ ಬಹಳಷ್ಟು ದೇಶಗಳಲ್ಲಿ ನಂಟು ತೆಳುವಾಗಿದ್ದರೆ, ನ್ಯೂಜಿಲೆಂಡ್‌ನಲ್ಲಿ ಅವೆರಡೂ ಸುಮಾರು ತೊಂಬತ್ತು ವರ್ಷಗಳಿಂದ ಒಂದರ ಕೈಹಿಡಿದು ಇನ್ನೊಂದು ಬೆಳೆದಿವೆ. ಮೊದಮೊದಲು ರೈತರು ಮತ್ತು ಯಂತ್ರಕುಶಲಿಗಳು ಅಂದಾಜಿನಿಂದ ಮಾಡಿದ ಕೆಲಸವನ್ನು ಅನಂತರ ಪ್ರಯೋಗಾಲಯಗಳು ಕ್ರಮಬದ್ಧಗೊಳಿಸಿದವು. ಉಕ್ಕಿನ ಗುಣ, ಬ್ಯಾಟರಿಯ ಬಾಳಿಕೆಗಳಿಗಿಂತ ಮೊದಲು ಪ್ರಾಣಿಯ ಸ್ವಭಾವವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಈ ಪರಂಪರೆಯ ಮುಖ್ಯ ಲಕ್ಷಣ.

ಇದಕ್ಕೆ ಆ ದೇಶದ ಎರಡು ವಿಶೇಷ ಪರಿಸ್ಥಿತಿಗಳು ಕಾರಣ. ಒಂದು, ಹುಲ್ಲುಗಾವಲನ್ನೇ ನಂಬಿದ ಅಲ್ಲಿನ ಪಶುಪಾಲನೆಯಲ್ಲಿ ಕಡಮೆ ಜನ ಬಹಳ ದನಕುರಿಗಳನ್ನು ನೋಡಿಕೊಳ್ಳಬೇಕಾಗಿರುವುದು. ಇನ್ನೊಂದು, ಬಾವಲಿಗಳ ಹೊರತು ಬೇರೆ ನೆಲವಾಸಿ ಸಸ್ತನಿಗಳಿಲ್ಲದ ದ್ವೀಪಗಳಲ್ಲಿ ವಿಕಾಸಗೊಂಡ ಹಕ್ಕಿಗಳು ಹೊರಗಿನಿಂದ ಬಂದ ಬೇಟೆಗಾರ ಪ್ರಾಣಿಗಳೆದುರು ನಿರಾಯುಧವಾಗಿ ನಿಂತಿರುವುದು. ಪಾಲಿನೇಷ್ಯದಿಂದ ಬಂದ ಮಾವೊರಿ ಜನರ ದೋಣಿಗಳಲ್ಲಿ ಕಿಯೊರೆ ಎಂಬ ಇಲಿಯೂ ನಾಯಿಯೂ ಬಂದವು. ಯುರೋಪಿಯನ್ನರ ಹಡಗುಗಳಲ್ಲಿ ಕಂದು ಇಲಿ, ಕಪ್ಪಿಲಿ, ಬೆಕ್ಕುಗಳು ಬಂದವು. ತುಪ್ಪುಳದ ವ್ಯಾಪಾರಕ್ಕೆಂದು ಆಸ್ಟ್ರೇಲಿಯದಿಂದ ಪಾಸಮ್ ಎಂಬ ಮರವಾಸಿ ಚೀಲಹೊಟ್ಟೆ ಪ್ರಾಣಿಯನ್ನು ತಂದರು. ಮೊಲಗಳ ಹಾವಳಿ ಮಿತಿಮೀರಿದಾಗ 1880ರ ದಶಕದಲ್ಲಿ ಸ್ಟೋಟ್ ಎಂಬ, ಉದ್ದ ದೇಹದ ಗಿಡ್ಡ ಕಾಲಿನ ಬೇಟೆಗಾರನನ್ನು ಬಿಟ್ಟರು. ಸ್ಟೋಟ್ ಮೊಲಗಳನ್ನು ತಿಂದದ್ದು ನಿಜವಾದರೂ ಅವುಗಳಿಗಿಂತ ಸುಲಭವಾಗಿ ಸಿಕ್ಕುವ ಹಕ್ಕಿಮರಿಗಳನ್ನೂ ಮೊಟ್ಟೆಗಳನ್ನೂ ಬಿಡಲಿಲ್ಲ. ಪ್ರಾಣಿಯ ವರ್ತನೆಯನ್ನು ಅರಿಯದೆ ಕೈಗೊಂಡ ಈ ಕ್ರಮದ ಫಲವನ್ನು ಸರಿಪಡಿಸುವುದರಲ್ಲೇ ಇಂದಿನ ಸಂಶೋಧನೆಯ ಬಹುಪಾಲು ತೊಡಗಿದೆ.

ಹೊಲದ ಕಡೆಯ ಕಥೆ ವಿದ್ಯುತ್ ಬೇಲಿಯಿಂದ ಆರಂಭವಾಗುತ್ತದೆ. ವೈಕಾಟೊ ಪ್ರಾಂತದ ಬಿಲ್ ಗ್ಯಾಲಹರ್ ಎಂಬ ಯಂತ್ರಾಸಕ್ತ ರೈತನ ಕುದುರೆ ಮನೆಯ ಕಾರಿಗೆ ಮೈಯುಜ್ಜಿಕೊಳ್ಳುವ ಚಾಳಿ ಬೆಳೆಸಿಕೊಂಡಾಗ, ಕಾರು ಅಲುಗಿದರೆ ಕುದುರೆಗೆ ಸಣ್ಣ ವಿದ್ಯುದಾಘಾತ ತಗಲುವ ಏರ್ಪಾಡನ್ನು ಆತ 1930ರ ದಶಕದಲ್ಲಿ ಮಾಡಿದನೆಂದೂ, ಬೇಲಿಗೆ ವಿದ್ಯುತ್ ಹರಿಸುವ ಯಂತ್ರಗಳ ತಯಾರಿಕೆ ಅಲ್ಲಿಂದ ಶುರುವಾಯಿತೆಂದೂ ಆ ಹೆಸರಿನ ಕಂಪನಿಯ ಚರಿತ್ರೆ ಹೇಳುತ್ತದೆ. ಆದರೆ ಆರಂಭದ ಬೇಲಿಗಳಿಗೆ ಹುಲ್ಲು ತಗಲಿದೊಡನೆ ವಿದ್ಯುತ್ ನೆಲಕ್ಕೆ ಸೋರಿಹೋಗುತ್ತಿತ್ತು. ಕೆಲವು ನೂರು ಮೀಟರುಗಳಾಚೆ ತಂತಿಯಲ್ಲಿ ಕಸುವೇ ಉಳಿಯುತ್ತಿರಲಿಲ್ಲ. ಹ್ಯಾಮಿಲ್ಟನ್ ನಗರದ ಬಳಿಯ ರುವಾಕುರಾ ಕೃಷಿ ಸಂಶೋಧನಾ ಕೇಂದ್ರದ ಡಗ್ ಫಿಲಿಪ್ಸ್ 1962ರಲ್ಲಿ, ಕೆಪಾಸಿಟರ್ ಎಂಬ ಸಾಧನದಲ್ಲಿ ವಿದ್ಯುತ್ತನ್ನು ಕೂಡಿಟ್ಟು ಕ್ಷಣದ ಅತಿಸಣ್ಣ ಅಂಶದಲ್ಲಿ ಒಮ್ಮೆಗೇ ಬಿಟ್ಟುಬಿಡುವ ಉಪಾಯವನ್ನು ಕಂಡುಹಿಡಿದ ಮೇಲೆ, ಹುಲ್ಲು ತಗಲಿದರೂ ಕೆಲಸ ಮಾಡುವ, ಹತ್ತಾರು ಕಿಲೋಮೀಟರ್ ಉದ್ದದ ಬೇಲಿ ಸಾಧ್ಯವಾಯಿತು.

ಈ ಬೇಲಿಯ ತಂತಿ ದನವನ್ನು ತಡೆಯುವಷ್ಟು ಗಟ್ಟಿಯಲ್ಲ ಎಂಬುದು ಗಮನಿಸಬೇಕಾದ ಸಂಗತಿ. ದನ ಹೊಸ ವಸ್ತುವನ್ನು ಮೂಗಿನಿಂದ ಮೂಸಿ ಪರೀಕ್ಷಿಸುತ್ತದೆ. ಒದ್ದೆಯಾದ, ಸೂಕ್ಷ್ಮವಾದ ಮೂಗಿಗೆ ಒಂದೆರಡು ಬಾರಿ ಆಘಾತ ತಗಲಿದರೆ ಮುಂದೆ ತಂತಿಯ ನೋಟವೇ ಸಾಕು. ತಡೆ ಇರುವುದು ಕಂಬಗಳ ನಡುವೆ ಅಲ್ಲ, ದನದ ನೆನಪಿನಲ್ಲಿ. ಹಾಗಾಗಿಯೇ ಇದೇ ತತ್ತ್ವದ ಸೌರಬೇಲಿಗಳನ್ನು ಕೊಡಗು, ಹಾಸನ, ಚಾಮರಾಜನಗರಗಳ ಕಾಡಂಚಿನಲ್ಲಿ ಆನೆಗಳಿಗೆಂದು ಹಾಕಿದಾಗ ಅಷ್ಟೇ ಫಲ ಸಿಗಲಿಲ್ಲ. ದಂತಕ್ಕೆ ವಿದ್ಯುತ್ ತಗಲುವುದಿಲ್ಲವೆಂದು ಕಂಡುಕೊಂಡ ಆನೆಗಳು ದಂತದಿಂದಲೇ ತಂತಿ ಹರಿಯುವುದನ್ನೂ, ಮರ ಕೆಡವಿ ಬೇಲಿಯನ್ನು ನೆಲಸಮ ಮಾಡುವುದನ್ನೂ ಕಲಿತವು. ಒಂದು ಪ್ರಾಣಿಯ ಕಲಿಕೆಗೆ ತಕ್ಕಂತೆ ರೂಪಿಸಿದ ಸಾಧನ ಇನ್ನೊಂದರ ಕಲಿಕೆಯೆದುರು ಸೋಲಬಹುದು.

ಹಾಲು ಕರೆಯುವ ಕೊಟ್ಟಿಗೆಯ ವಿನ್ಯಾಸದಲ್ಲಿಯೂ ಇಂಥದೇ ಬೆಳವಣಿಗೆಯಿದೆ. ಗಾರ್ಡನ್‌ಟನ್ ಎಂಬಲ್ಲಿ ರಾನ್ ಶಾರ್ಪ್ 1952ರಲ್ಲಿ ಕಟ್ಟಿದ ಹೆರಿಂಗ್‌ಬೋನ್ ಕೊಟ್ಟಿಗೆಯಲ್ಲಿ ಹಸುಗಳು ಮೀನಿನ ಮುಳ್ಳುಗಳ ಹಾಗೆ ಓರೆಯಾಗಿ, ಒತ್ತಾಗಿ ಸಾಲುಗಟ್ಟಿ ನಿಲ್ಲುತ್ತವೆ. ಕರೆಯುವವರು ನಡುವಿನ ತಗ್ಗಿನಲ್ಲಿ ಬೆನ್ನು ಬಗ್ಗಿಸದೆ ಕೆಲಸ ಮಾಡುತ್ತಾರೆ. ತರನಾಕಿ ಪ್ರಾಂತದ ಎಲ್ಥಮ್‌ನಲ್ಲಿ ಮರ್ವ್ ಹಿಕ್ಸ್ 1969ರಲ್ಲಿ ರೂಪಿಸಿದ ತಿರುಗುವ ಕೊಟ್ಟಿಗೆಯಲ್ಲಿ ಹಸುಗಳು ಒಂದರ ಹಿಂದೊಂದು ತಾವಾಗಿ ವೇದಿಕೆ ಹತ್ತಿ, ಸುತ್ತು ಮುಗಿದೊಡನೆ ಇಳಿಯುತ್ತವೆ. ಹಸುಗಳು ಮಂದೆಯ ಜೊತೆಗೆ ನಡೆಯಲು ಬಯಸುವುದು, ಹೆಚ್ಚುಕಡಮೆ ದಿನವೂ ಅದೇ ಕ್ರಮದಲ್ಲಿ ಹಾಲು ಕರೆಸಿಕೊಳ್ಳಲು ಬರುವುದು, ಕತ್ತಲೆಯ ಬಾಗಿಲು ಮತ್ತು ಜಾರುವ ನೆಲಕ್ಕೆ ಹಿಂಜರಿಯುವುದು ಇವೆಲ್ಲ ಗೋಪಾಲಕರಿಗೆ ಗೊತ್ತಿದ್ದ ವಿಷಯಗಳೇ. ಅವನ್ನು ಅಳತೆಗೆ ಒಳಪಡಿಸಿದ ಕೀರ್ತಿ ರುವಾಕುರಾದ ರಾನ್ ಕಿಲ್ಗೋರ್ ಅವರಿಗೆ ಸಲ್ಲುತ್ತದೆ. ಕ್ಲೈವ್ ಡಾಲ್ಟನ್ ಅವರೊಡನೆ ಅವರು 1984ರಲ್ಲಿ ಪ್ರಕಟಿಸಿದ ಪಶುವರ್ತನೆಯ ಕೈಪಿಡಿ ರೈತರಿಗೂ ಕೊಟ್ಟಿಗೆ ಕಟ್ಟುವವರಿಗೂ ಉದ್ದೇಶಿತವಾದದ್ದು.

ರುವಾಕುರಾ ಇರುವ ಪ್ರಾಂತದ ವೈಕಾಟೊ ವಿಶ್ವವಿದ್ಯಾಲಯದಲ್ಲಿ ಮೇರಿ ಫಾಸ್ಟರ್ ಮತ್ತು ಬಿಲ್ ಟೆಂಪಲ್ ಅವರ ತಂಡ, ಪ್ರಾಣಿ ಒಂದು ಸನ್ನೆಕೋಲನ್ನು ಒತ್ತಿದರೆ ಆಹಾರ ಸಿಗುವಂತೆ ಮಾಡಿ ಅದರ ಆಯ್ಕೆಗಳನ್ನೂ ಇಂದ್ರಿಯಶಕ್ತಿಯನ್ನೂ ಅಳೆಯುವ ವಿಧಾನವನ್ನು ಕೋಳಿ, ಹಸು, ಪಾಸಮ್‌ಗಳಿಗೆ ಅನ್ವಯಿಸಿತು. ಫಲ ಸಿಕ್ಕ ಕ್ರಿಯೆ ಮರುಕಳಿಸುತ್ತದೆ, ಸಿಗದ ಕ್ರಿಯೆ ಕ್ರಮೇಣ ನಿಲ್ಲುತ್ತದೆ ಎಂಬ ಈ ನಿಯಮಕ್ಕೆ ಮನೋವಿಜ್ಞಾನದಲ್ಲಿ ಕ್ರಿಯಾಜನ್ಯ ಕಲಿಕೆ ಎನ್ನುವರು. ಪ್ರಾಣಿಗೆ ಯಾವ ನೆಲ, ಯಾವ ಆಹಾರ, ಯಾವ ಶಬ್ದ ಇಷ್ಟವೆಂಬುದನ್ನು ಮನುಷ್ಯರು ಊಹಿಸುವುದಕ್ಕೆ ಬದಲು, ಅದಕ್ಕಾಗಿ ಅದು ಎಷ್ಟು ಶ್ರಮಪಡಲು ಸಿದ್ಧವಿದೆ ಎಂದು ಅದನ್ನೇ ಕೇಳಿದಂತಾಗುವುದು ಈ ವಿಧಾನದ ಹೆಚ್ಚುಗಾರಿಕೆ.

ಕ್ರಿಯಾಜನ್ಯ ಕಲಿಕೆಯ ಅತ್ಯಂತ ಪ್ರಚಾರ ಪಡೆದ ಬಳಕೆಯೆಂದರೆ ಕರುಗಳಿಗೆ ಶೌಚದ ಅಭ್ಯಾಸ ಮಾಡಿಸಿದ ಪ್ರಯೋಗ. ದನದ ಗಂಜಲದಲ್ಲಿರುವ ಸಾರಜನಕ ಮಣ್ಣಿನೊಳಗೆ ನೈಟ್ರೇಟ್ ಆಗಿ ತೊರೆಗಳಿಗೆ ಸೇರುತ್ತದೆ, ಒಂದು ಪಾಲು ನೈಟ್ರಸ್ ಆಕ್ಸೈಡ್ ಎಂಬ, ಭೂಮಿಯ ಶಾಖ ಹೆಚ್ಚಿಸುವ ಅನಿಲವಾಗುತ್ತದೆ. ಹೈನುಗಾರಿಕೆಯೇ ಬೆನ್ನೆಲುಬಾಗಿರುವ ನ್ಯೂಜಿಲೆಂಡ್‌ಗೆ ಇದು ದೊಡ್ಡ ಸಮಸ್ಯೆ. ಆಕ್ಲೆಂಡ್ ವಿಶ್ವವಿದ್ಯಾಲಯದ ಲಿಂಡ್ಸೆ ಮ್ಯಾಥ್ಯೂಸ್ ಮತ್ತು ಡಗ್ಲಸ್ ಎಲಿಫ್ ಅವರು ಜರ್ಮನಿಯ ಸಂಶೋಧಕರೊಂದಿಗೆ ಅಲ್ಲಿನ ಡುಮರ್‌ಸ್ಟಾರ್ಫ್‌ನಲ್ಲಿ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗೊತ್ತುಪಡಿಸಿದ ಅಂಕಣದೊಳಗೆ ಗಂಜಲ ಹಾಕಿದ ಕರುವಿಗೆ ಸಿಹಿ ಪಾನೀಯ ಅಥವಾ ಬಾರ್ಲಿಯ ಬಹುಮಾನ ಸಿಗುತ್ತಿತ್ತು. ಹೊರಗೆ ಹಾಕಿದರೆ ಅಹಿತವಾಗಲೆಂದು ಮೊದಲು ಕಿವಿಗೆ ಕರ್ಕಶ ಶಬ್ದ ಕೇಳಿಸಿದರು. ಕರುಗಳು ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಆಮೇಲೆ ಮೈಮೇಲೆ ಒಂದಿಷ್ಟು ನೀರು ಚಿಮುಕಿಸಿದ್ದು ಸಾಕಾಯಿತು. ಹದಿನಾರು ಕರುಗಳಲ್ಲಿ ಹನ್ನೊಂದು ಈ ಪಾಠ ಕಲಿತವು. ಸಾವಿರಾರು ದನಗಳಿರುವ ಬಯಲಿನಲ್ಲಿ ಇದನ್ನು ಮಾಡಬೇಕಾದರೆ ಗಂಜಲವನ್ನು ಗುರುತಿಸಿ ಬಹುಮಾನ ಕೊಡುವ ಕೆಲಸವನ್ನು ಯಂತ್ರಕ್ಕೇ ವಹಿಸಬೇಕಾಗುತ್ತದೆ. ಆದ್ದರಿಂದ ಉಳಿದಿರುವ ಪ್ರಶ್ನೆ ಕರುವಿನ ಬುದ್ಧಿಯದಲ್ಲ, ಯಂತ್ರದ್ದು.

ಅದೇ ತತ್ತ್ವ ವ್ಯಾಪಾರಿ ಮಟ್ಟವನ್ನು ಮುಟ್ಟಿರುವುದು ಕಾಣದ ಬೇಲಿಗಳಲ್ಲಿ. ರಾಕೆಟ್ ಕಂಪನಿಯೊಂದರಲ್ಲಿ ಎಂಜಿನಿಯರಾಗಿದ್ದ ಕ್ರೇಗ್ ಪಿಗಟ್ 2016ರಲ್ಲಿ ಸ್ಥಾಪಿಸಿದ ಹಾಲ್ಟರ್ ಸಂಸ್ಥೆಯ ಸೌರಶಕ್ತಿಯ ಕೊರಳಪಟ್ಟಿ ಉಪಗ್ರಹ ಸಂಕೇತಗಳಿಂದ ಹಸುವಿರುವ ಜಾಗವನ್ನು ಗುರುತಿಸುತ್ತದೆ. ರೈತ ಮೊಬೈಲಿನಲ್ಲಿ ಎಳೆದ ಗೆರೆಯನ್ನು ಹಸು ಸಮೀಪಿಸಿದರೆ ಒಂದು ಬದಿಯ ಕಿವಿಗೆ ಕೇಳುವಂತೆ ಶಬ್ದ ಬರುತ್ತದೆ, ಮುಂದೆ ಹೋಗಲು ಕಂಪನದ ಸೂಚನೆಯಿರುತ್ತದೆ, ಶಬ್ದವನ್ನು ಕಡೆಗಣಿಸಿದರೆ ಮಾತ್ರ ಸೌಮ್ಯ ವಿದ್ಯುತ್ ಸ್ಪಂದ ತಗಲುತ್ತದೆ. ಕೆಲವು ದಿನಗಳಲ್ಲಿ ಹಸುಗಳು ಶಬ್ದವೊಂದಕ್ಕೇ ತಿರುಗುವುದನ್ನು ಕಲಿಯುತ್ತವೆ. ಎಚ್ಚರಿಕೆಯನ್ನು ಮುನ್ನ ತಿಳಿಯಲೂ, ಆಘಾತವನ್ನು ತಾನೇ ತಪ್ಪಿಸಿಕೊಳ್ಳಲೂ ಹಸುವಿಗೆ ಸಾಧ್ಯವಿರಬೇಕೆಂಬುದು ಇಲ್ಲಿ ಪ್ರಾಣಿಹಿತದ ಮುಖ್ಯ ಷರತ್ತು. ಬೇಲಿ ಕಣ್ಣಿಗೆ ಕಾಣದಿರುವುದರಿಂದ ಈ ಷರತ್ತಿಗೆ ತಂತಿಬೇಲಿಯಲ್ಲಿ ಇಲ್ಲದ ತೂಕ ಬಂದಿದೆ.

ಕಾಡಿನ ಕಡೆಯ ಸಂಶೋಧನೆ ಇದಕ್ಕಿಂತ ಕಠಿಣ, ಏಕೆಂದರೆ ಅಲ್ಲಿ ಪ್ರಾಣಿಗೆ ಕಲಿಸುವುದು ಗುರಿಯಲ್ಲ. ಅದು ಕಲಿಯುವುದರೊಳಗೆ ಅದನ್ನು ಹಿಡಿಯಬೇಕು. ಇಲಿ, ಸ್ಟೋಟ್‌ನ ಬಳಗ, ಪಾಸಮ್‌ಗಳನ್ನು 2050ರೊಳಗೆ ದೇಶದಿಂದಲೇ ನಿರ್ಮೂಲ ಮಾಡುವ ಗುರಿಯನ್ನು ಅಂದಿನ ಪ್ರಧಾನಿ ಜಾನ್ ಕೀ 2016ರ ಜುಲೈಯಲ್ಲಿ ಘೋಷಿಸಿದರು. ನೂರರಲ್ಲಿ ತೊಂಬತ್ತೈದನ್ನು ಹಿಡಿಯುವುದಕ್ಕೂ ನೂರನ್ನೂ ಹಿಡಿಯುವುದಕ್ಕೂ ಇರುವ ಅಂತರ ಬೋನುಗಳ ಸಂಖ್ಯೆಯದಲ್ಲ. ಕೊನೆಗೆ ಉಳಿಯುವ ಪ್ರಾಣಿಗಳು ಹೆಚ್ಚಾಗಿ ಹೊಸ ವಸ್ತುವಿಗೆ ಅಂಜುವ, ಬೋನನ್ನು ಸುತ್ತುಹಾಕಿ ನಡೆಯುವ ಸ್ವಭಾವದವು.

ಇದಕ್ಕೆ ನಿದರ್ಶನವಾಗಿ ವಿಜ್ಞಾನಿಗಳು ಮತ್ತೆ ಮತ್ತೆ ಎತ್ತಿ ಹೇಳುವುದು ರಾಝಾ ಎಂಬ ಒಂಟಿ ಕಂದು ಇಲಿಯ ಪ್ರಕರಣವನ್ನು. ಇಲಿಗಳಿಲ್ಲದ ದ್ವೀಪಕ್ಕೆ ಒಂದೇ ಒಂದು ಇಲಿ ಬಂದರೆ ಅದನ್ನು ಹಿಡಿಯುವುದು ಎಷ್ಟು ಕಷ್ಟವೆಂದು ತಿಳಿಯಲು ಆಕ್ಲೆಂಡ್ ವಿಶ್ವವಿದ್ಯಾಲಯದ ಜೇಮ್ಸ್ ರಸಲ್ ಮತ್ತು ಸಂಗಡಿಗರು 2004ರಲ್ಲಿ ರಾಝಾಗೆ ರೇಡಿಯೋ ಕೊರಳಪಟ್ಟಿ ಕಟ್ಟಿ, ಹೌರಾಕಿ ಕೊಲ್ಲಿಯ ಮೊಟುಹೊರೊಪಾಪಾ ಎಂಬ ಪುಟ್ಟ ದ್ವೀಪದಲ್ಲಿ ಬಿಟ್ಟರು. ಬೋನು, ವಿಷದ ಆಮಿಷ, ತರಬೇತಾದ ನಾಯಿ ಯಾವುದಕ್ಕೂ ಅದು ಜಗ್ಗಲಿಲ್ಲ. ಬದಲಾಗಿ ಸುಮಾರು 400 ಮೀಟರ್ ಕಡಲನ್ನು ಈಜಿ ಒಟಾಟಾ ದ್ವೀಪ ಸೇರಿತು. ಅಲ್ಲಿ ಸಿಕ್ಕ ಹಿಕ್ಕೆಯ ಡಿಎನ್‌ಎ ಪರೀಕ್ಷೆಯಿಂದ ಅದೇ ಇಲಿಯೆಂದು ಖಚಿತವಾಯಿತು. ಬಿಟ್ಟ 18 ವಾರಗಳ ಬಳಿಕ, ಪೆಂಗ್ವಿನ್ ಮಾಂಸವಿಟ್ಟ ಬೋನಿಗೆ ಅದು ಬಿತ್ತು. ಪೈಪೋಟಿಯ ಇಲಿಗಳೇ ಇಲ್ಲದ, ಆಹಾರ ತುಂಬಿದ ದ್ವೀಪದಲ್ಲಿ ಒಂಟಿ ಇಲಿಗೆ ಆಮಿಷದ ಆಕರ್ಷಣೆಯಿರುವುದಿಲ್ಲ. ಇಲಿಗಳು ಒತ್ತಾಗಿರುವಲ್ಲಿ ಯಶಸ್ವಿಯಾದ ಸಾಧನವನ್ನು ಅಲ್ಲಿ ನೆಚ್ಚುವಂತಿಲ್ಲ.

ಹೆಲಿಕಾಪ್ಟರಿನಿಂದ ವಿಷದ ಉಂಡೆಗಳನ್ನು ಚೆಲ್ಲುವ ಕಾರ್ಯಾಚರಣೆಯೂ ಪ್ರಾಣಿಯ ಕಲಿಕೆಯನ್ನು ಲೆಕ್ಕಹಾಕಿಯೇ ನಡೆಯುತ್ತದೆ. ಕಡಮೆ ವಿಷ ತಿಂದು ಬದುಕುಳಿದ ಪಾಸಮ್ ಅಥವಾ ಇಲಿ ಆ ರುಚಿಯನ್ನು ಹೊಟ್ಟೆನೋವಿನೊಂದಿಗೆ ಜೋಡಿಸಿ ನೆನಪಿಟ್ಟು ಮುಂದೆ ಅದನ್ನು ಮುಟ್ಟುವುದಿಲ್ಲ. ಆದ್ದರಿಂದ ಮೊದಲು ವಿಷವಿಲ್ಲದ ಅದೇ ಬಗೆಯ ಉಂಡೆಗಳನ್ನು ಚೆಲ್ಲಿ ನಂಬಿಕೆ ಹುಟ್ಟಿಸಿ, ಅನಂತರ ಉಪಗ್ರಹ ಮಾರ್ಗದರ್ಶನದಿಂದ ಎಲ್ಲಿಯೂ ತೆರಪಿಲ್ಲದಂತೆ ವಿಷದ ಉಂಡೆಗಳನ್ನು ಬೀಳಿಸುತ್ತಾರೆ. ವೈಮಾನಿಕ ವಿಧಾನದಿಂದ 2001ರಲ್ಲಿ ಕ್ಯಾಂಪ್‌ಬೆಲ್ ದ್ವೀಪದ ಸುಮಾರು 11,300 ಹೆಕ್ಟೇರಿನಲ್ಲಿ ಇಲಿಗಳನ್ನು ಇಲ್ಲವಾಗಿಸಿದ್ದು ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ದೊಡ್ಡ ಇಲಿ ನಿರ್ಮೂಲನೆ. ಜನವಸತಿಯಿರುವ ಮುಖ್ಯಭೂಮಿಯಲ್ಲಿ ವಿಷದ ಬಳಕೆಗೆ ತೀವ್ರ ವಿರೋಧವಿದೆ. ಬೋನುಗಳ ಸುಧಾರಣೆಗೆ ಅಷ್ಟೊಂದು ಒತ್ತು ಸಿಗಲು ಅದೂ ಒಂದು ಕಾರಣ.

ಸ್ಟೋಟ್‌ಗೆ ಪೊಟರೆ ಕಂಡರೆ ಒಳಗೆ ತಲೆ ತೂರಿಸದೆ ಇರಲಾಗದು. ಸಂರಕ್ಷಣಾ ಇಲಾಖೆ ರೂಪಿಸಿದ ಬೋನುಗಳನ್ನು ಮರದ ಸುರಂಗದಂಥ ಪೆಟ್ಟಿಗೆಯೊಳಗೆ ಇಡುವುದು ಇದಕ್ಕಾಗಿ. ಪೆಟ್ಟಿಗೆ ಪ್ರಾಣಿಯನ್ನು ಸರಿಯಾದ ಕೋನದಲ್ಲಿ ಒತ್ತುಪಟ್ಟಿಯ ಮೇಲೆ ನಿಲ್ಲಿಸುತ್ತದೆ, ನೆಲದ ಹಕ್ಕಿಗಳು ಒಳಹೋಗದಂತೆಯೂ ತಡೆಯುತ್ತದೆ. ಒಮ್ಮೆ ಸಿಡಿದ ಬೋನು ಮನುಷ್ಯ ಬಂದು ಮತ್ತೆ ಹೂಡುವವರೆಗೆ ನಿಷ್ಪ್ರಯೋಜಕವಾದ್ದರಿಂದ, ವೆಲಿಂಗ್ಟನ್‌ನ ಗುಡ್‌ನೇಚರ್ ಸಂಸ್ಥೆ ಇಂಗಾಲದ ಡೈಆಕ್ಸೈಡ್ ಅನಿಲದ ಒತ್ತಡದಿಂದ ಇಪ್ಪತ್ನಾಲ್ಕು ಬಾರಿ ತಾನಾಗಿ ಮರುಹೂಡಿಕೊಳ್ಳುವ ಬೋನನ್ನು ತಯಾರಿಸಿತು. ಝೀರೋ ಇನ್ವೇಸಿವ್ ಪ್ರೆಡೇಟರ್ಸ್ ಎಂಬ ಸಂಸ್ಥೆ, ಹಳಸಿದ ಆಮಿಷಕ್ಕೆ ಪ್ರಾಣಿಗಳು ಬರುವುದಿಲ್ಲವೆಂಬ ಕಾರಣಕ್ಕೆ, ಮೊಟ್ಟೆಯ ಮೇಯನೇಸನ್ನು ತಿಂಗಳುಗಟ್ಟಲೆ ದಿನವೂ ಒಂದಿಷ್ಟು ತಾಜಾ ಹೊರಹಾಕುವ ಯಂತ್ರವನ್ನು ಕಾಡಿನಲ್ಲಿಟ್ಟಿದೆ. ಇವೆಲ್ಲಕ್ಕಿಂತ ಜಾಣ್ಮೆಯದು ಸ್ಪಿಟ್‌ಫೈರ್ ಎಂಬ ಸಾಧನ: ಸುರಂಗದಲ್ಲಿ ಹಾದುಹೋಗುವ ಸ್ಟೋಟ್‌ನ ಹೊಟ್ಟೆಗೆ ವಿಷದ ಲೇಪವನ್ನು ಸಿಂಪಡಿಸುತ್ತದೆ, ಮೈ ನೆಕ್ಕಿ ಶುಚಿ ಮಾಡಿಕೊಳ್ಳುವುದು ಸ್ಟೋಟ್‌ನ ಬಿಡಲಾಗದ ಅಭ್ಯಾಸವಾದ್ದರಿಂದ ಆಮಿಷಕ್ಕೆ ಅಂಜುವ ಪ್ರಾಣಿಯೂ ವಿಷವನ್ನು ತಾನಾಗಿ ಸೇವಿಸುತ್ತದೆ.

ವಾಸನೆಯ ಕುರಿತ ಸಂಶೋಧನೆ ಇನ್ನೊಂದು ಸಮೃದ್ಧ ಕ್ಷೇತ್ರ. ಫೆರಟ್ ಎಂಬ, ತನಗಿಂತ ದೊಡ್ಡ ಬೇಟೆಗಾರನ ವಾಸನೆಯಿಂದ ಸ್ಟೋಟ್ ದೂರ ಓಡುವುದೆಂಬುದು ಸಹಜ ನಿರೀಕ್ಷೆ. ಪ್ಯಾಟ್ರಿಕ್ ಗಾರ್ವಿ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಅದು ಎಚ್ಚರಿಕೆಯಿಂದಲಾದರೂ ಆ ವಾಸನೆಯತ್ತಲೇ ಬಂದಿತು. ಬಲಿಷ್ಠನ ಸುಳಿವನ್ನು ಕದ್ದು ತಿಳಿಯುವುದು ದುರ್ಬಲ ಬೇಟೆಗಾರನಿಗೆ ಲಾಭವೆಂದು ಇದನ್ನು ವಿವರಿಸಿದ್ದಾರೆ. ಆಹಾರವಲ್ಲದ ಆಮಿಷವೊಂದು ಹೀಗೆ ಕೈಗೆ ಬಂದಿತು. ಗ್ರಾಂಟ್ ನಾರ್ಬರಿ ಮತ್ತು ಸಿಡ್ನಿಯ ಸಹೋದ್ಯೋಗಿಗಳು 2021ರಲ್ಲಿ ವರದಿ ಮಾಡಿದ ವಿಧಾನ ಇದಕ್ಕೆ ವಿರುದ್ಧ ದಿಕ್ಕಿನದು. ಮ್ಯಾಕೆಂಜಿ ಜಲಾನಯನದ ನದೀಬಯಲುಗಳಲ್ಲಿ ಹಕ್ಕಿಗಳು ಗೂಡು ಮಾಡುವುದಕ್ಕೆ ವಾರಗಳ ಮೊದಲೇ ಹಕ್ಕಿಯ ವಾಸನೆ ಬೆರೆಸಿದ ವ್ಯಾಸಲೀನನ್ನು ಕಲ್ಲುಗಳಿಗೆ ಸವರಿದರು. ವಾಸನೆ ಹಿಡಿದು ಬಂದ ಬೆಕ್ಕು, ಫೆರಟ್, ಮುಳ್ಳುಹಂದಿಯನ್ನು ಹೋಲುವ ಹೆಜ್‌ಹಾಗ್‌ಗಳಿಗೆ ಏನೂ ಸಿಗದೆ ಆ ವಾಸನೆಯ ಮೇಲೆಯೇ ಆಸಕ್ತಿ ಹೋಯಿತು. ನಿಜವಾದ ಗೂಡುಗಳು ಗಮನಾರ್ಹವಾಗಿ ಹೆಚ್ಚು ಉಳಿದವು. ಒಂದೇ ಒಂದು ಪ್ರಾಣಿಯನ್ನೂ ಕೊಲ್ಲದೆ ದೊರೆತ ಫಲವಿದು.

ಬೇಟೆಗಾರರನ್ನು ಹೊರಗಿಡುವ ಬೇಲಿಗಳ ವಿನ್ಯಾಸವೂ ಪ್ರಾಣಿಗಳ ಪರೀಕ್ಷೆಯಿಂದಲೇ ರೂಪುಗೊಂಡಿತು. ವೆಲಿಂಗ್ಟನ್ ನಗರದೊಳಗಿನ ಕರೋರಿ ಅಭಯಾರಣ್ಯಕ್ಕೆ (ಇಂದಿನ ಝೀಲ್ಯಾಂಡಿಯ) 1999ರಲ್ಲಿ ಹಾಕಿ ಮುಗಿಸಿದ 8.6 ಕಿಲೋಮೀಟರ್ ಬೇಲಿಗೆ ಮುನ್ನ, ಹಿಡಿದ ಬೆಕ್ಕು, ಪಾಸಮ್, ಇಲಿಗಳನ್ನು ಮಾದರಿ ಬೇಲಿಗಳೊಳಗೆ ಬಿಟ್ಟು ಅವು ಎಷ್ಟೆತ್ತರ ನೆಗೆಯುತ್ತವೆ, ಎಲ್ಲಿ ತೋಡುತ್ತವೆ, ಎಷ್ಟು ಸಣ್ಣ ಕಿಂಡಿಯಲ್ಲಿ ನುಸುಳುತ್ತವೆ ಎಂದು ನೋಡಲಾಯಿತು. ನೆಗೆಯುವವರಿಗಾಗಿ ಎತ್ತರ, ಹತ್ತುವವರಿಗಾಗಿ ಮೇಲಂಚಿನ ಬಾಗಿದ ಲೋಹದ ಟೋಪಿ, ತೋಡುವವರಿಗಾಗಿ ನೆಲದೊಳಗೆ ಹೊರಚಾಚಿದ ಜಾಲರಿ ಬಂದದ್ದು ಹಾಗೆ. ಮೌಂಗಟೌಟರಿ ಬೆಟ್ಟದ ಸುತ್ತ 2006ರಲ್ಲಿ ಪೂರ್ಣಗೊಂಡ 47 ಕಿಲೋಮೀಟರ್ ಬೇಲಿ ಸುಮಾರು 3,400 ಹೆಕ್ಟೇರ್ ಕಾಡನ್ನು ಕಾಯುತ್ತಿದೆ. ಸುಂಡಿಲಿಗಳು ಮಾತ್ರ ಈ ಎರಡು ಕಡೆಯೂ ಪೂರ್ತಿ ನಿವಾರಣೆಯಾಗಿಲ್ಲ.

ಸಾಧನ ರೂಪಿಸುವವರ ಲೆಕ್ಕವನ್ನು ತಪ್ಪಿಸುವುದರಲ್ಲಿ ಕಿಯಾ ಎಂಬ ಬೆಟ್ಟದ ಗಿಳಿಗೆ ಸರಿಸಾಟಿಯಿಲ್ಲ. ತಕಾಹೆ ಎಂಬ ಹಾರಲಾರದ ಹಕ್ಕಿಯ ರಕ್ಷಣೆಗಾಗಿ ಮರ್ಚಿಸನ್ ಪರ್ವತಗಳಲ್ಲಿ ಇಟ್ಟ ಸ್ಟೋಟ್ ಬೋನುಗಳೊಳಗೆ ಕಡ್ಡಿಗಳು ಸಿಗತೊಡಗಿದಾಗ ಕ್ಯಾಮೆರಾ ಇಟ್ಟು ನೋಡಲಾಯಿತು. ಕಿಯಾಗಳೇ ಕಡ್ಡಿ ತೂರಿಸಿ ಬೋನುಗಳನ್ನು ಸಿಡಿಸುತ್ತಿದ್ದುದು ಕಂಡುಬಂದಿತು. ಗ್ಯಾವಿನ್ ಹಂಟ್ ಮತ್ತು ಸಂಗಡಿಗರು 2018ರಲ್ಲಿ ಇದನ್ನು ಕಾಡುಪಕ್ಷಿಯ ಉಪಕರಣ ಬಳಕೆಯೆಂದು ದಾಖಲಿಸಿದರು. ಹೋಮರ್ ಸುರಂಗದ ಬಳಿ ರಸ್ತೆಯ ಶಂಕುಗಳನ್ನು ಎಳೆದಾಡಿ ಸಂಚಾರಕ್ಕೆ ತೊಡಕು ಮಾಡುತ್ತಿದ್ದ ಕಿಯಾಗಳಿಗೆ ರಸ್ತೆಯಿಂದಾಚೆ ಏಣಿ, ಚಕ್ರ, ತೇಲುವ ಆಟಿಕೆಗಳ ಆಟದ ತಾಣವನ್ನೇ ಮಾಡಿಕೊಟ್ಟದ್ದು ಎಂಜಿನಿಯರಿಂಗ್‌ನ ಇತಿಹಾಸದಲ್ಲಿ ಅಪರೂಪದ ಸೋಲೊಪ್ಪಿಗೆ ಎನ್ನಬೇಕು.

ಬೋನುಗಳು ಎಷ್ಟನ್ನು ಹಿಡಿದವು ಎಂಬ ಲೆಕ್ಕ ಸಿಗುತ್ತದೆ, ಎಷ್ಟು ಪ್ರಾಣಿಗಳು ಹತ್ತಿರ ಬಂದು ಹಿಂದಿರುಗಿದವು ಎಂಬುದು ಸಿಗುವುದಿಲ್ಲ. ಕ್ಯಾಂಟರ್ಬರಿಯ ಗ್ರಾಂಟ್ ರಯಾನ್ ಆರಂಭಿಸಿದ ಕ್ಯಾಕೊಫನಿ ಯೋಜನೆ ದೇಹದ ಶಾಖವನ್ನು ಕಾಣುವ ಕ್ಯಾಮೆರಾ ಮತ್ತು ಚಿತ್ರದಿಂದ ಪ್ರಾಣಿಯನ್ನು ಗುರುತಿಸುವ ಗಣಕ ತಂತ್ರಾಂಶವನ್ನು ಜೋಡಿಸಿ ಈ ಕೊರತೆಯನ್ನು ತುಂಬಲು ಹೊರಟಿತು. ಸಾಮಾನ್ಯ ಕ್ಯಾಮೆರಾಗಳ ಕಣ್ಣಿಗೆ ಬೀಳದ ಸಣ್ಣ, ಚುರುಕಾದ ಪ್ರಾಣಿಗಳೂ ಇದರಲ್ಲಿ ದಾಖಲಾಗುತ್ತವೆ.

ಸಿದ್ಧಾಂತ, ವರ್ತನೆ, ಯಂತ್ರ ಮೂರೂ ಒಂದಾಗಿ ಫಲಕೊಟ್ಟ ಅತ್ಯುತ್ತಮ ಉದಾಹರಣೆ ಕಾಕಾಪೊ ಎಂಬ, ಹಾರದ ನಿಶಾಚರ ಗಿಳಿಯದು. 1995ರಲ್ಲಿ 51ಕ್ಕೆ ಇಳಿದಿದ್ದ ಇವುಗಳನ್ನು ಬೇಟೆಗಾರರಿಲ್ಲದ ದ್ವೀಪಗಳಲ್ಲಿಟ್ಟು ಹೆಚ್ಚುವರಿ ಆಹಾರ ಕೊಡಲಾಗುತ್ತಿತ್ತು; ಆದರೆ ಹುಟ್ಟಿದ ಮರಿಗಳಲ್ಲಿ ಗಂಡುಗಳೇ ಹೆಚ್ಚಾದವು. ಒಳ್ಳೆಯ ಮೈಕಟ್ಟಿನ ತಾಯಿಗೆ ಗಂಡುಮರಿಯಿಂದ ಹೆಚ್ಚು ಮೊಮ್ಮಕ್ಕಳ ಲಾಭವಿರುವ ಜಾತಿಗಳಲ್ಲಿ ಅಂಥ ತಾಯಂದಿರು ಗಂಡುಗಳನ್ನೇ ಹೆಚ್ಚಾಗಿ ಹೆರುತ್ತವೆಂಬ ಲಿಂಗಾನುಪಾತದ ಸಿದ್ಧಾಂತವನ್ನು ಮಿಕ್ ಕ್ಲೌಟ್, ಗ್ರೇಮ್ ಎಲಿಯಟ್, ಬ್ರೂಸ್ ರಾಬರ್ಟ್‌ಸನ್ ಅವರು ಇಲ್ಲಿಗೆ ಅನ್ವಯಿಸಿದರು. ಹಕ್ಕಿಯ ತೂಕ ನೋಡಿ ಆಹಾರವನ್ನು ಮಿತಗೊಳಿಸಿದಾಗ ಗಂಡುಮರಿಗಳ ಅತಿಶಯ ತಗ್ಗಿತು. ಯಾವ ಹಕ್ಕಿ ಬಂದಿದೆಯೆಂದು ಅದರ ರೇಡಿಯೋದಿಂದ ತಿಳಿದು ಅದಕ್ಕೆ ಮಾತ್ರ ಬಾಗಿಲು ತೆರೆಯುವ ಆಹಾರದ ಪೆಟ್ಟಿಗೆಗಳು ಈ ಲೆಕ್ಕಾಚಾರವನ್ನು ಒಂದೊಂದು ಹಕ್ಕಿಯ ಮಟ್ಟಕ್ಕೂ ತಂದವು. ಹಕ್ಕಿಯ ಚಲನೆಯ ಮಾದರಿಯಿಂದ ಕೂಡಿಕೆ ನಡೆದುದನ್ನು ಗುರುತಿಸುವ ಬೆನ್ನಿನ ರೇಡಿಯೋಗಳೂ ಬಂದವು. 2019ರ ಸಂತಾನಕಾಲದಲ್ಲಿ ಕೃತಕ ಗರ್ಭಧಾರಣೆಗಾಗಿ ವೀರ್ಯವನ್ನು ದ್ವೀಪದ ಒಂದು ಕಡೆಯಿಂದ ಇನ್ನೊಂದು ಕಡೆಗೆ ಡ್ರೋನ್ ಸಾಗಿಸಿತು. 2022ರ ಹೊತ್ತಿಗೆ ಸಂಖ್ಯೆ 250ನ್ನು ದಾಟಿತ್ತು.

ಕೊಲ್ಲುವ ಬೋನುಗಳು ಪ್ರಾಣಿಯನ್ನು ಎಷ್ಟು ಬೇಗ ಪ್ರಜ್ಞಾಶೂನ್ಯಗೊಳಿಸುತ್ತವೆ ಎಂಬ ಪರೀಕ್ಷೆಗೆ 1999ರ ಪ್ರಾಣಿಕಲ್ಯಾಣ ಕಾಯಿದೆಯಡಿ ರಚಿತವಾದ ಸಲಹಾ ಸಮಿತಿ ಮಾನದಂಡಗಳನ್ನು ಗೊತ್ತುಮಾಡಿದೆ; ಲಿಂಕನ್‌ನ ಭೂಸಂರಕ್ಷಣಾ ಸಂಶೋಧನಾ ಸಂಸ್ಥೆ ಇಂಥ ಪರೀಕ್ಷೆಗಳಿಗೆ ಹೆಸರಾದದ್ದು. ಆಡಳಿತದ ಕಡೆಯಲ್ಲಿ, 2050ರ ನಿರ್ಮೂಲನಾ ಗುರಿಗಾಗಿ ಸ್ಥಾಪಿಸಿದ್ದ ಸರ್ಕಾರಿ ಕಂಪನಿಯನ್ನು ಮುಚ್ಚಿ ಅದರ ಕೆಲಸವನ್ನು ಸಂರಕ್ಷಣಾ ಇಲಾಖೆಗೆ ವಹಿಸುವುದಾಗಿ 2025ರ ಮೇ ತಿಂಗಳಿನಲ್ಲಿ ಸರ್ಕಾರ ಪ್ರಕಟಿಸಿತು. ಆಮಿಷ, ಬೋನು, ಬೇಲಿ ಮೂರಕ್ಕೂ ಇನ್ನೂ ಸಂಪೂರ್ಣ ಜಗ್ಗದ ಸುಂಡಿಲಿಯನ್ನು 2016ರ ಘೋಷಣೆಯ ನಿರ್ಮೂಲನಾ ಪಟ್ಟಿಯಲ್ಲಿ ಸೇರಿಸಿರಲಿಲ್ಲ.